ನಿನ್ನ ಸೋಲಿನಲ್ಲಿ ನನ್ನ ಪಾಲು

ನಾನು ಬೇಡ ಎಂದಿರಲಿಲ್ಲ, ಸುನಂದಾ. ಕೂಡ್ರು ಎಂದಿದ್ದೆ. ಮನೆಯ ಹಿರಿಯರೆಲ್ಲ ಸೇರಿದ ಆ ದಿನ ಪಡಸಾಲೆಯಲ್ಲಿ ನಿಂತು, ‘ನಾ ಬ್ಯಾಡ ಅಂದಿನ್ರಿ, ಅಕಿ ಕೇಳಲಿಲ್ಲ’ ಎಂದು ನಾನು ಹೇಳಿದ ಮಾತು ಸುಳ್ಳು. ಅದು ಸುಳ್ಳೆಂದು ನನ್ನನ್ನು ಬಿಟ್ಟರೆ ನಿನಗೊಬ್ಬಳಿಗೇ ಗೊತ್ತಿತ್ತು. ನೀನು ಬಾಯಿ ಬಿಡಲಿಲ್ಲ. ಆದರೆ ನಿನಗೆ ಗೊತ್ತಿರುವುದು ಅರ್ಧ. ಉಳಿದ ಅರ್ಧ ಇದು — ಗೋವಾದ ಆ ಜೂಜಿನ ಹಡಗಿನಲ್ಲಿ ನೀನು ಸೋತದ್ದರಲ್ಲೆಲ್ಲ ನನಗೆ ಪಾಲು ಬರುತ್ತಿತ್ತು. ನೀನು ಗೆದ್ದರೆ ನನಗೇನೂ ಇಲ್ಲ. ಸೋತರೆ ದುಡ್ಡು. ಇಷ್ಟು ಸರಳ, ಇಷ್ಟು ಹೊಲಸು.

ಈ ಮಾತನ್ನು ಹೇಗೆ ಹೇಳಿದರೆ ನಾನು ಸ್ವಲ್ಪವಾದರೂ ಮನುಷ್ಯಳಂತೆ ಕಾಣುತ್ತೇನೆ ಎಂದು ಇಷ್ಟು ವರ್ಷ ಹುಡುಕಿದೆ. ದಂಧೆ ಮುಳುಗಿತ್ತು ಎನ್ನಬಹುದು. ಮಕ್ಕಳ ಓದು ಎನ್ನಬಹುದು. ನನ್ನ ಗಂಡ, ನಿನ್ನ ಭಾವ, ನಿದ್ದೆಗೆಟ್ಟು ಮಾತೇ ಬಿಟ್ಟಿದ್ದರು ಎನ್ನಬಹುದು, ಅದು ನಿಜವೂ ಹೌದು... ಇರಲಿ. ಆ ವರ್ಷ ಸೊಲ್ಲಾಪುರದಲ್ಲಿ ಮುಳುಗಿದವರು ನಾವೊಬ್ಬರೇ ಅಲ್ಲ. ಅವರೆಲ್ಲ ಪಕ್ಕದವರ ತಲೆಯ ಮೇಲೆ ಕಾಲಿಟ್ಟು ಉಸಿರು ತೆಗೆದುಕೊಳ್ಳಲಿಲ್ಲ.

ನಮ್ಮದು ಶಾಲಾ ಮಕ್ಕಳ ಯುನಿಫಾರ್ಮ್ ಹೊಲಿಸಿ ಮಾರುವ ಮನೆ. ಕೊರೊನಾದಲ್ಲಿ ಶಾಲೆಗಳೇ ಮುಚ್ಚಿದ ಮೇಲೆ ಯುನಿಫಾರ್ಮ್ ಯಾರಿಗೆ ಬೇಕು? ಮತ್ತೆ ತೆರೆದಾಗಲೂ ಗಿರಾಕಿ ಬರಲಿಲ್ಲ. ತಾಯಂದಿರು ಹಳೆಯ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದರು. ಅಣ್ಣನ ಪ್ಯಾಂಟು ತಮ್ಮನಿಗೆ ಬಂತು. ಕೆಳಗಿನ ಮಷೀನುಗಳ ಮೇಲೆ ನಿನ್ನ ಭಾವ ಹಳೆಯ ಚಾದರ ಹೊದಿಸಿದರು. ಮೇಲಿನ ಕೋಣೆ ಮಾತ್ರ ನಡೆಯುತ್ತಿತ್ತು — ಹೆಣ್ಣುಮಕ್ಕಳ ಫ್ರಾಕು ಹೊಲಿಯುವ ಆ ಕೋಣೆ ನಿನ್ನದು. ಕಿರಿ ಸೊಸೆಯಾಗಿ ಬಂದು ನೀನೇ ಕಟ್ಟಿದ್ದು. ಕಂದಲಗಾಂವದಿಂದ ಬೆಳಗಿನ ಬಸ್ಸಿಗೆ ಬರುವ ಹೆಂಗಸರು ಬುತ್ತಿ ಬಿಚ್ಚಿದರೆ ನಿನ್ನ ಪಾಲಿನ ರೊಟ್ಟಿ ತೆಗೆದಿಟ್ಟೇ ತಾವು ಉಣ್ಣುತ್ತಿದ್ದರು. ಅದನ್ನೂ ಮುಚ್ಚೋಣವೆಂದು ಅಣ್ಣತಮ್ಮಂದಿರು ಮಾತಾಡಿಕೊಂಡಾಗ ನೀನು ನನ್ನ ಹತ್ತಿರ ಬಂದೆ. ‘ಅಕ್ಕಾ, ನೀವು ಹೇಳಿದ್ರ ಭಾವಾರು ಕೇಳ್ತಾರ. ಸಾಲಿ ಪೂರಾ ಚಾಲೂ ಆಗೂತನಾ ತಡೀರಿ ಅನ್ರಿ. ಈ ಹೆಣಮಕ್ಳು ಎಲ್ಲಿ ಹೋಗಬೇಕ್ರಿ?’

ನಾನು ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಉಮಾಕಾಂತ ನಮ್ಮ ಮನೆಗೆ ಬರತೊಡಗಿದ್ದು ಆ ದಿನಗಳಲ್ಲಿ. ಮೊದಲು ಅವನು ಚಾದರದ ದಲಾಲಿ ಮಾಡುತ್ತಿದ್ದ. ಆ ವ್ಯಾಪಾರ ಬಿದ್ದ ಮೇಲೆ ಗೋವಾದ ಆ ಹಡಗಿಗೆ ಟೂರಿನ ಬಸ್ಸು ಬಿಡತೊಡಗಿದ. ಬೆರಳಿಗೊಂದು ಉಂಗುರ, ಮೊಬೈಲು ತೆರೆದರೆ ಮೊದಲು ದೇವರ ಫೋಟೋ, ಅದಕ್ಕೆ ಕೈಮುಗಿದು ಆಮೇಲೆ ಸುಳ್ಳು ಶುರು. ನಮ್ಮ ಸೋಫಾದಲ್ಲಿ ಕೂತು, ನೀನೇ ಮಾಡಿದ ಶೇಂಗಾ ಹೋಳಿಗೆ ತಿನ್ನುತ್ತಾ ಹೇಳಿದ: ‘ವೈನಿ, ಪ್ಯಾಟ್ಯಾಗ ಮಂದೀ ಆತಂದ್ರ ಎಲ್ಲಾ ದಂಧೆ ಕುಂಡ್ರತಾವ. ಇದೊಂದಽ ಏಳತೈತಿ. ಮಂದೀ ಬಂದಷ್ಟೂ ನಮ್ಮಲ್ಲಿಗೆ ಮಂದಿ ಬರ್ತಾರ್ರಿ!’

ತನ್ನ ಮಾತಿಗೆ ತಾನೇ ನಕ್ಕ. ನಾನೂ ನಕ್ಕೆ. ಮರಾಠಿಯಲ್ಲಿ ಮಂದೀ ಎಂದರೆ ವ್ಯಾಪಾರ ಬೀಳುವುದು, ನಮ್ಮ ಮಾತಿನಲ್ಲಿ ಮಂದಿ ಎಂದರೆ ಜನ — ಬಿದ್ದ ವ್ಯಾಪಾರದ ಜನವೇ ಅವರ ಬೆಳೆ. ಕೆಲಸವಿದ್ದವನಿಗೆ ಜೂಜಿಗೆ ಪುರಸೊತ್ತೆಲ್ಲಿ? ಅಂಗಡಿಯ ಬಾಗಿಲು ಹಾಕಿ ಮನೆಯಲ್ಲಿ ಕೂತು, ಹೆಂಡತಿಯ ಮುಖ ನೋಡಲಾರದವನೇ ಅವರಿಗೆ ಬೇಕು. ಗಂಡಸರು ಆಗಲೇ ಬರುತ್ತಿದ್ದರಂತೆ. ಅವನಿಗೆ ಈಗ ಮನೆತನಸ್ಥ ಹೆಂಗಸರು ಬೇಕಾಗಿದ್ದರು.

ನಾನು ಓಣಿಯ ಹೆಣ್ಣುಮಕ್ಕಳ ಭಿಶಿ ನಡೆಸುತ್ತಿದ್ದೆನಲ್ಲ — ತಿಂಗಳಿಗೊಮ್ಮೆ ಎಲ್ಲರೂ ಇಷ್ಟಿಷ್ಟು ಹಾಕಿ, ಚೀಟಿ ಎತ್ತಿ, ಅಷ್ಟನ್ನೂ ಒಬ್ಬಳಿಗೆ ಕೊಡುವುದು. ಎಂದೂ ಒಂದು ಪೈಸೆ ಆಚೀಚೆ ಆಗಿರಲಿಲ್ಲ. ಉಮಾಕಾಂತನಿಗೆ ಬೇಕಾದದ್ದು ಆ ನಂಬಿಕೆಯೇ. ನಾನು ಅದನ್ನು ಮಾರಿದೆ. ಬಸ್ಸು, ಹೋಟೆಲು, ಊಟ ಎಲ್ಲ ಪುಕ್ಕಟೆ. ಮಂದೀ ಇರುವುದರಿಂದ ಹೋಟೆಲುಗಳು ಖಾಲಿ, ಅದಕ್ಕೇ ಈ ಸವಲತ್ತು ಎಂದು ನಿಮಗೆಲ್ಲ ಹೇಳಿದೆ. ನಾನು ಕರೆದೊಯ್ದವರು ಆ ಹಡಗಿನಲ್ಲಿ ಬಿಟ್ಟುಬಂದದ್ದರಲ್ಲಿ ಒಂದು ಪಾಲು ನನ್ನದು ಎಂಬುದನ್ನು ಹೇಳಲಿಲ್ಲ. ನಿನ್ನ ಭಾವನಿಗೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ — ಮನೆಗೆ ದುಡ್ಡು ಬರುವಾಗ ಅದು ಎಲ್ಲಿಂದ ಬಂತೆಂದು ನಮ್ಮ ಮನೆಯ ಗಂಡಸರು ಎಂದೂ ಕೇಳಿದವರಲ್ಲ.

ಆ ಹಡಗು! ಎಲ್ಲಿಗೂ ಹೋಗದ ಹಡಗು. ಹೊಳೆಯ ನಡುವೆ ಲಂಗರು ಹಾಕಿ ಬಿದ್ದುಕೊಂಡು, ದಂಡೆಯಿಂದ ಸಣ್ಣ ದೋಣಿಗಳಲ್ಲಿ ಜನರನ್ನು ತರಿಸಿಕೊಂಡು ನುಂಗುತ್ತದೆ. ಒಳಗೆ ಕಿಟಕಿಯಿಲ್ಲ, ಗಡಿಯಾರವಿಲ್ಲ. ಅಲ್ಲಿ ನಗುವವರಿಗೆ ನಗುವುದಕ್ಕೇ ಪಗಾರ. ಬಾಗಿಲಲ್ಲಿ ಒಬ್ಬ ಹುಡುಗಿ ‘ಮ್ಯಾಡಮ್’ ಎಂದು ಬಾಗಿದ್ದೇ ತಡ, ಜನ್ಮದಲ್ಲಿ ಯಾರಿಂದಲೂ ಮ್ಯಾಡಮ್ ಎನಿಸಿಕೊಳ್ಳದ ನಾವೆಲ್ಲ ಸೆರಗು ಸರಿಮಾಡಿಕೊಂಡು ಕತ್ತು ಎತ್ತಿದೆವು. ಮನೆಯಲ್ಲಿ ತುಪ್ಪ ಸೋರಿದರೂ ತಿನ್ನದ ನಮ್ಮ ಓಣಿಯ ಸಿರಿವಂತರ ಹೆಂಡಿರು ಪುಕ್ಕಟೆ ಜಾಮೂನಿಗೆ ತಟ್ಟೆ ಹಿಡಿದು ಸಾಲು ನಿಂತದ್ದು ನಿನಗೂ ನೆನಪಿರಬೇಕು. ಇದಕ್ಕೆ ಉದ್ಯಮ ಎನ್ನುತ್ತಾರೆ. ಸೂಟು ಹಾಕಿದವರು ಹಾಗೆ ಅನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಾವು ದುಡ್ಡು ತೆಗೆದುಕೊಂಡು ಬಟ್ಟೆ ಕೊಡುತ್ತಿದ್ದೆವು. ಅವರು ಏನು ಕೊಡುತ್ತಾರೆ? ಗಾಲಿಯೊಳಗೆ ಒಂದು ಗುಂಡು ತಿರುಗಿ ನಿಲ್ಲುವಷ್ಟು ಹೊತ್ತಿನ ಆಸೆ. ಅದೂ ಬಾಡಿಗೆಗೆ.

ಮೊದಲ ಸಲ ನೀನು ಗೆದ್ದೆ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಹೊಡೆಯುತ್ತಲೇ ಮನಸ್ಸಿನಲ್ಲಿ ನಿನ್ನನ್ನು ಶಪಿಸಿದೆ — ನೀನು ಗೆದ್ದದ್ದಕ್ಕೆ, ಸುನಂದಾ. ಮನೆಗೆ ಬಂದು ನೀನು ಅತ್ತಿಯವರಿಗೆ ಒಂದು ಇಳಕಲ್ ಸೀರೆ ಕೊಟ್ಟೆ. ಉಳಿದದ್ದನ್ನೆಲ್ಲ ಮೇಲಿನ ಕೋಣೆಯ ಹೆಂಗಸರಿಗೆ ಪಗಾರವೆಂದು ಹಂಚಿದೆ. ನಾನು ಉಮಾಕಾಂತನಿಗೆ ಫೋನು ಮಾಡಿ ದೂರಿದೆ. ಅವನು ಸಮಾಧಾನ ಹೇಳಿದ: ‘ಕಾಳಜಿ ಬಿಡ್ರಿ ವೈನಿ. ಮೊದಲ ಸರ್ತಿ ಗೆದ್ದವರಽ ನಮಗ ಬಂಗಾರ. ತಾವಾಗಿಽ ತಿರುಗಿ ಬರ್ತಾರ.’

ಎರಡನೆಯ ಸಲ ಗೆದ್ದದ್ದು ಹೋಯಿತು. ಮೂರನೆಯ ಸಲ ಹೋಗಲು ನಿನಗೆ ಮನಸ್ಸಿರಲಿಲ್ಲ. ‘ಮ್ಯಾಲಿನ ಕೋಲಿ ಉಳೀಬೇಕಂದ್ರ ಇದೊಂದಽ ಹಾದಿ ಅದ ನೋಡು’ ಎಂದೆ. ನಿನ್ನ ಯಾವ ನರ ಹಿಡಿದರೆ ನೀನು ಬರುತ್ತೀ ಎಂದು ನನಗೆ ಗೊತ್ತಿತ್ತು. ಬೇರೆಯವರನ್ನು ಆಸೆ ತೋರಿಸಿ ಕರೆದೊಯ್ದೆ. ನಿನ್ನನ್ನು ನಿನ್ನ ಒಳ್ಳೆಯತನ ಹಿಡಿದು ಎಳೆದೊಯ್ದೆ.

ಬೆಳಗಿನ ಹೊತ್ತದು. ಒಬ್ಬಳು ಹೆಂಗಸು ನಮ್ಮ ಕಾಲ ಬುಡದಲ್ಲೇ ಮಷೀನು ಹಿಡಿದು ಕಾರ್ಪೆಟ್ಟಿನ ಧೂಳು ಎಳೆಯುತ್ತಿದ್ದಳು. ನೀನು ತಂದ ದುಡ್ಡು ಮುಗಿದಿತ್ತು. ನೀನು ಎದ್ದೆ — ಇದನ್ನು ನಾನು ಎಷ್ಟು ಸಲ ನೆನೆದಿದ್ದೇನೋ — ನೀನಾಗಿಯೇ ಎದ್ದು ನಿಂತೆ. ಕುರ್ಚಿಯನ್ನು ಒಳಗೆ ಸರಿಸಿದೆ. ‘ಸಾಕ್ರಿ ಅಕ್ಕಾ. ನಡೀರಿ, ಹೊರಗ ಗಾಳಿಗೆ ನಿಂದ್ರೂಣು’ ಎಂದೆ. ಮುಖದಲ್ಲಿ ದುಃಖವಿತ್ತು, ಹುಚ್ಚು ಇರಲಿಲ್ಲ. ಆ ಗಳಿಗೆಯಲ್ಲಿ ನಾನು ಸುಮ್ಮನೆ ಇದ್ದಿದ್ದರೂ ಸಾಕಿತ್ತು. ಮಾತಾಡಬೇಕಾಗಿರಲಿಲ್ಲ, ಸುಮ್ಮನೆ...

ನಾನು ನಿನ್ನ ಭುಜ ಹಿಡಿದು ಒತ್ತಿದೆ. ‘ಈಗ ಎದ್ದಿ ಅಂದ್ರ ಹ್ವಾದದ್ದು ಹೋದಂಗಽ. ಕೂಡ್ರು. ನಾ ಅದೀನಲ್ಲ.’

ನಿನ್ನ ತಾಯಿ ಮದುವೆಯಲ್ಲಿ ತನ್ನ ಕೈಯಿಂದ ಬಿಚ್ಚಿ ನಿನಗೆ ತೊಡಿಸಿದ ಪಾಟ್ಲಿ ಬಳೆಗಳನ್ನು ನೆನಪಿಗೆ ತಂದವಳೂ ನಾನೇ. ಬಂಗಾರ ಇಟ್ಟುಕೊಂಡು ದುಡ್ಡು ಕೊಡುವವನನ್ನು ಉಮಾಕಾಂತ ದಂಡೆಯ ಮೇಲೇ ಇರಿಸಿದ್ದ. ಪಾಟ್ಲಿ ಬಿಗಿಯಾಗಿದ್ದವು, ಹೊರಗೆ ಬರಲಿಲ್ಲ. ನಿನ್ನನ್ನು ಕೈತೊಳೆಯುವಲ್ಲಿಗೆ ಕರೆದೊಯ್ದೆ. ಆ ಹಡಗಿನ ಗುಲಾಬಿ ವಾಸನೆಯ ಸೋಪು ಹಚ್ಚಿ, ನಿನ್ನ ಕೈಯನ್ನು ನನ್ನ ಕೈಯಲ್ಲಿ ಹಿಡಿದು, ಒಂದೊಂದಾಗಿ ಕಳಚಿದೆ. ನಿನಗೆ ನೋವಾಯಿತು. ‘ಹಗೂರ್ರಿ ಅಕ್ಕಾ’ ಎಂದೆ, ಅಷ್ಟೇ. ದೋಣಿಯಲ್ಲಿ ದಂಡೆಗೆ ಹೋಗಿ ದುಡ್ಡು ತಂದು, ಮೇಜಿನ ಮುಂದೆ ಮತ್ತೆ ಕೂತವಳು ಎಷ್ಟು ಹೊತ್ತು ತಾಳಿದೆ? ಆ ಗಾಲಿಗೆ ನಾಲ್ಕಾರು ಸುತ್ತು ಸಾಕಾಯಿತು. ನಾನು ನಿನ್ನ ಬೆನ್ನ ಹಿಂದೆ ನಿಂತು, ಹೋದದ್ದರಲ್ಲಿ ನನ್ನದೆಷ್ಟು ಎಂದು ಮನಸ್ಸಿನಲ್ಲೇ ಹಾಕುತ್ತಿದ್ದೆ.

ಮನೆಯಲ್ಲಿ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಸಂಬಂಧಿಕರ ಮನೆಯ ಬಸುರಿಯ ಕುಬಸಕ್ಕೆ ಹೊರಟಾಗ ಅತ್ತಿ ನಿನ್ನ ಬರಿಗೈ ನೋಡಿ ಕೇಳಿದರು. ನೀನು ಕಳೆದುಹೋದವು ಎನ್ನಬಹುದಿತ್ತು. ಅನ್ನಲಿಲ್ಲ. ‘ಜೂಜ ಆಡಿ ಸೋತೀನ್ರಿ ಅತ್ತಿ’ ಎಂದೆ.

ಅಕ್ಕಲಕೋಟದಿಂದ ದೊಡ್ಡಪ್ಪ ಬಂದರು. ಮಾವನವರ ಅಣ್ಣ, ಮನೆಯ ಹಿರಿಯ — ಜನ್ಮವಿಡೀ ಒಂದು ಕಡ್ಡಿ ಎತ್ತಿ ಆಚೆ ಇಡದೆ ಎಲ್ಲರ ನ್ಯಾಯ ಹೇಳಿದ ಮಹಾನುಭಾವರು. ಚಪಳಗಾಂವದಿಂದ ನಿನ್ನ ತಾಯಿಯನ್ನೂ ಕರೆಸಿದರು. ನೀನು ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದೆ. ಯಾರು ಕರೆದೊಯ್ದರು, ಯಾರು ಹಚ್ಚಿಕೊಟ್ಟರು ಎಂದು ಕೇಳಿದಾಗ, ‘ಯಾರೂ ಇಲ್ಲರಿ. ನಾನಽ ಆಡೀನಿ’ ಎಂದೆ. ಆಗ ದೊಡ್ಡಪ್ಪ ನನ್ನ ಕಡೆ ತಿರುಗಿದರು. ‘ನೀ ಹಿರೇ ಸೊಸಿ, ಜೋಡಿಗಿದ್ದಿ. ನೀ ಹೇಳವಾ.’

ನಾನು ಹೇಳಿದ್ದು ಏನೆಂದು ಮೇಲೆ ಬರೆದಿದ್ದೇನೆ. ಇನ್ನೊಮ್ಮೆ ಬರೆಯಲು ಕೈ ಬರುವುದಿಲ್ಲ.

ನೀನು ನನ್ನನ್ನು ಒಂದು ಸಲ ನೋಡಿದೆ. ಬೈಗುಳವಿರಲಿಲ್ಲ ಆ ನೋಟದಲ್ಲಿ. ತಪ್ಪಿ ಬೇರೆ ಮನೆಯ ಬಾಗಿಲು ತೆರೆದವರು ನೋಡುವ ಹಾಗೆ ನೋಡಿದೆ. ನಿನ್ನ ತಾಯಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು — ‘ನೀ ಆದ್ರೂ ಬ್ಯಾಡ ಅಂದೆಲ್ಲ ಯವ್ವಾ. ನಿನ್ನ ಹೊಟ್ಟಿ ತಣ್ಣಗಿರಲಿ.’ ಆ ಕೈಗಳನ್ನು ನಾನು ಬಿಡಿಸಿಕೊಳ್ಳಲಿಲ್ಲ. ಕಣ್ಣೀರು ಕೂಡ ಹಾಕಿದೆ. ಅದನ್ನು ನೋಡಿ ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು.

ಮೇಲಿನ ಕೋಣೆಯ ಕೀಲಿಕೈ ನಿನ್ನ ಸೊಂಟದಿಂದ ನನ್ನ ಸೊಂಟಕ್ಕೆ ಬಂತು. ನಿನ್ನನ್ನು ಅಕ್ಕಲಕೋಟದ ಗುಡಿಗೆ ಕರೆದೊಯ್ದು, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದರು. ಪಕ್ಕದಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತವಳು ನಾನು. ನಾನು ಮಾತ್ರ ಮುಂದಿನ ತಿಂಗಳು ಮತ್ತೊಂದು ಬಸ್ಸು ತುಂಬಿಸಿದೆ. ಕಂದಲಗಾಂವದ ಹೆಂಗಸರಿಗೆ ಬರಬೇಡಿರೆಂದು ಹೇಳಿ ಮಷೀನುಗಳನ್ನು ಮಾರಿಸಿದೆ. ಸಿದ್ಧಾರಾಮ ಆಗ ನಿನ್ನ ಗಂಡನಂತೆ ನಡೆದುಕೊಳ್ಳಲಿಲ್ಲ, ಅಣ್ಣನ ತಮ್ಮನಂತೆ ನಡೆದುಕೊಂಡ. ನೀನು ಮಗಳ ಕೈ ಹಿಡಿದು ಮನೆ ಬಿಟ್ಟು, ಅಕ್ಕಲಕೋಟದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು, ಯಾತ್ರಿಕರಿಗೆ ಮಾರುವ ಬಟ್ಟೆ ಚೀಲ ಹೊಲಿಯತೊಡಗಿದೆ. ವರ್ಷ ಕಳೆದ ಮೇಲೆ ಅವನೂ ಒಂದು ಟ್ರಂಕು ಹೊತ್ತು ನಿನ್ನ ಬಳಿ ಬಂದ. ನಮ್ಮ ಮನೆಯ ಗಂಡಸರಲ್ಲಿ ಒಬ್ಬನಾದರೂ ಮಾನವಂತ ಕೆಲಸ ಮಾಡಿದ್ದು ಅದೊಂದೇ.

ನನ್ನ ಪಾಲಿನ ದುಡ್ಡಿನಲ್ಲಿ ಏನು ಮಾಡಿದೆ ಎಂದೂ ಹೇಳಬೇಕು. ಒಂದು ಬಂಗಾರದ ಬೋರಮಾಳ ಸರ ಮಾಡಿಸಿಕೊಂಡೆ. ಭಿಶಿ ಬಂತು ಎಂದೆ. ನೀನಿನ್ನೂ ಮನೆ ಬಿಟ್ಟಿರಲಿಲ್ಲ. ಒಂದು ಮದುವೆಗೆ ಹೊರಟಾಗ ಅದರ ಕೊಂಡಿ ನನ್ನ ಕೈಗೆ ಸಿಗಲಿಲ್ಲ. ನೀನು ಹಿಂದಿನಿಂದ ಬಂದು ಹಾಕಿದೆ. ‘ಛಂದ ಕಾಣ್ತೈತ್ರಿ ಅಕ್ಕಾ’ ಎಂದೆ. ನಿನ್ನ ಬರಿಗೈ ನನ್ನ ಕತ್ತಿಗೆ ತಾಗಿತು. ಅಂದೂ ನಾನು ಹೇಳಲಿಲ್ಲ.

ನಾನು ಪಶ್ಚಾತ್ತಾಪಪಟ್ಟು ಆ ಕೆಲಸ ಬಿಟ್ಟೆ ಎಂದುಕೊಳ್ಳಬೇಡ. ಅವರೇ ನನ್ನನ್ನು ಬಿಟ್ಟರು. ಮೊಬೈಲಿನಲ್ಲೇ ಆಡಿಸುವುದು ಬಂದ ಮೇಲೆ ಬಸ್ಸು ಯಾರಿಗೆ ಬೇಕು, ಹಿರಿ ಸೊಸೆ ಯಾರಿಗೆ ಬೇಕು? ಹೆಂಗಸರು ಅಡುಗೆಮನೆಯಲ್ಲೇ ಸೋಲತೊಡಗಿದರು. ಅದಕ್ಕೂ ಸರಕಾರ ಬೀಗ ಹಾಕಿದ ಮೇಲೆ ಉಮಾಕಾಂತ ಈಗ ಅದೇ ಬಸ್ಸಿಗೆ ಹೂವಿನ ಹಾರ ಕಟ್ಟಿ ತೀರ್ಥಯಾತ್ರೆ ಮಾಡಿಸುತ್ತಾನೆ. ದೇವರ ದರ್ಶನಕ್ಕೂ ತಲೆಗಿಷ್ಟು ಎಂದು ಪಾಲು ಕೇಳುತ್ತಿರಬೇಕು. ಎದುರಿಗೆ ಸಿಕ್ಕರೆ ಇವತ್ತಿಗೂ ‘ನಮಸ್ಕಾರ ವೈನಿ’ ಎನ್ನುತ್ತಾನೆ. ಅವನ ಮುಖಕ್ಕೆ ಉಗುಳಬೇಕೆನಿಸುತ್ತದೆ. ನನ್ನ ಮುಖ ಎಲ್ಲಿಡಲಿ ಎಂದು ಮುಂದೆ ನಡೆಯುತ್ತೇನೆ.

ಈ ಸಲ ಅಕ್ಕಲಕೋಟದಲ್ಲಿ ನಿನ್ನ ಮನೆಗೆ ಬಂದೆನಲ್ಲ — ನೀನು ಏನೂ ಆಗಿಲ್ಲವೆಂಬಂತೆ ಬಿಸಿ ರೊಟ್ಟಿ ಬಡಿದು ಹಾಕಿದೆ. ನಾನು ಹಳೆಯದನ್ನು ಎತ್ತಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನೀನೇ ಅಂದೆ: ‘ಹೋಗ್ಲಿ ಬಿಡ್ರಿ ಅಕ್ಕಾ. ಅಷ್ಟು ಮಂದಿ ಕೂಡಿದಾಗ ಯಾರರ ಅಂಜತಾರ. ನೀವು ಅಂಜಿ ಹಂಗ ಅಂದ್ರಿ. ನನ್ನ ಸಲುವಾಗಿ ನೀವೂ ಎಷ್ಟು ಓಡಾಡಿದ್ರಿ, ನನಗೇನ ಗೊತ್ತಿಲ್ಲೇನು?’

ಅಂಜಿ! ನೀನು ನನ್ನ ಅಂಜಿಕೆಯನ್ನು ಕ್ಷಮಿಸಿದೆ. ನಾನು ಆ ಕ್ಷಮೆಯನ್ನು ರೊಟ್ಟಿಯ ಜೊತೆ ನುಂಗಿ, ಕೈತೊಳೆದು, ಬಸ್ಸು ಹತ್ತಿದೆ. ಮಾಡದ ತಪ್ಪಿಗೆ ಸಿಕ್ಕ ಕ್ಷಮೆ ಕದ್ದ ಮಾಲಿನಂತೆ. ಇಟ್ಟುಕೊಂಡಷ್ಟು ದಿನ ಕಳ್ಳತನವೇ. ಅದು ಸೊಲ್ಲಾಪುರ ಮುಟ್ಟುವವರೆಗೆ ನನ್ನನ್ನು ಕೂಡ್ರಗೊಡಲಿಲ್ಲ.

ಹೋದ ವಾರ ಎಲ್ಲರನ್ನೂ ಅದೇ ಪಡಸಾಲೆಯಲ್ಲಿ ಸೇರಿಸಿ ಹೇಳಿದೆ. ಕೂಡ್ರು ಎಂದದ್ದು, ಸೋಪು ಹಚ್ಚಿದ್ದು, ಪಾಲು — ಎಲ್ಲ. ನನ್ನ ಮಕ್ಕಳಿಗೆ ಅರ್ಥವಾಗದೆ ಹೋಗಬಾರದೆಂದು ಮರಾಠಿಯಲ್ಲೂ ಹೇಳಿದೆ. ಅತ್ತಿ ಎದ್ದು ಒಳಗೆ ಹೋದರು. ನಿನ್ನ ಭಾವ, ‘ಮುಗದದ್ದು ಈಗ ಯಾಕ ತೆಗೀತಿ? ಮಂದಿ ಏನಂದಾರು?’ ಎಂದರು. ದೊಡ್ಡಪ್ಪನಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಕೂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ ಒಂದೇ ಪ್ರಶ್ನೆ: ‘ಪಾಲು ಅಂದ್ರ, ಎಷ್ಟು ಬರತಿತ್ತವಾ?’ ಸುನಂದಾಳ ಗತಿ ಏನು, ಅವಳಿಗೆ ನಾವು ಏನು ಹೇಳಬೇಕು ಎಂದು ಒಬ್ಬರೂ ಕೇಳಲಿಲ್ಲ. ಇಂಥವರ ಕಣ್ಣಲ್ಲಿ ಒಳ್ಳೆಯವಳಾಗಿ ಉಳಿಯಲು ನಾನು ನಿನ್ನನ್ನು ಮಾರಿದ್ದೆ.

ಮರುದಿನ ಚಪಳಗಾಂವಕ್ಕೆ ಹೋದೆ. ಬೋರಮಾಳ ಮಾರಿ, ನಿನ್ನ ಪಾಟ್ಲಿಯ ತೂಕದ ಬಂಗಾರ ಕೈಯಲ್ಲಿ ಹಿಡಿದಿದ್ದೆ. ನಿನ್ನ ತಾಯಿ ಎಮ್ಮೆಗೆ ಕಣಿಕಿ ಹಾಕುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವರು ಕೈಯಲ್ಲಿನ ಕೆಲಸ ಮುಗಿಸಿಯೇ ನನ್ನ ಕಡೆ ತಿರುಗಿದರು.

‘ಸುನಂದಾಗ ಹೇಳಿಯೇನು?’

‘ಇನ್ನೂ ಇಲ್ಲರಿ.’

‘ಮತ್ತ ನನ್ನ ಮುಂದ ಯಾಕ ಅಳಾಕತ್ತಿ? ಅಕಿನ ಕೈ ಹಿಡದು ಬಿಚ್ಚಿದಾಕಿ ನೀ. ಹೋಗಿ ಅಕಿ ಮುಂದ ನಿಂದ್ರು.’

ಬಂಗಾರವನ್ನು ಮುಟ್ಟಲಿಲ್ಲ. ನಾನು ಕಾಲಿಗೆರಗಲು ಬಾಗಿದಾಗ ಕಾಲು ಹಿಂದೆ ಎಳೆದುಕೊಂಡರು. ನೀರಿನ ತಂಬಿಗೆ ತೋರಿಸಿದರು. ಚಹಾ ಕುಡಿಯುತ್ತೀಯಾ ಎಂದು ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಮಾತು ಬೇಕಿಲ್ಲ.

ಗುರುವಾರ ನಿಮ್ಮ ಊರಿನಲ್ಲಿ ಯಾತ್ರಿಕರ ದಟ್ಟಣೆ, ನಿನ್ನ ಕೈಗೆ ಬಿಡುವಿರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಬರುತ್ತೇನೆ. ಬಾಯಿ ತಡವರಿಸಿ ಅರ್ಧ ಹೇಳಿ ಬಂದುಬಿಟ್ಟೇನೆಂಬ ಭಯಕ್ಕೆ ಇದನ್ನು ಮೊದಲೇ ಬರೆದು ಕಳಿಸುತ್ತಿದ್ದೇನೆ. ಸಿದ್ಧಾರಾಮನೂ ಇರಲಿ, ನಿನ್ನ ಮಗಳೂ ಇರಲಿ. ತಾಯಿ ಜೂಜುಗಾತಿ ಎಂದು ನಮ್ಮ ಮನೆಯವರ ಬಾಯಿಂದ ಕೇಳಿಯೇ ಬೆಳೆದ ಹುಡುಗಿ ಅವಳು. ಅವಳು ಏನು ಕೇಳಿದರೂ ಉತ್ತರ ಕೊಡುತ್ತೇನೆ. ಒಳಗೆ ಕರೆಯಬೇಡ. ಹೊಸ್ತಿಲ ಆಚೆ ನಿಂತೇ ಹೇಳುತ್ತೇನೆ, ಓಣಿಗೆಲ್ಲ ಕೇಳಿಸುವ ಹಾಗೆ.